ಯಾವ ಪಾಠ ಕಲಿಯದೆ ಉಳಿದಿದೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಎರಡು ಎಕರೆ ಅಡಿಕೆ ತೋಟವಿದೆ. ಮೂರು ವರ್ಷಗಳಿಂದ ಎಲೆಚುಕ್ಕಿ ರೋಗ. ಈ ಸಲದ ಮಳೆಗಾಲದಲ್ಲಿ ಉಳಿದಿದ್ದ ಕೊನೆಗಳಿಗೂ, ಅಂದರೆ ಅಡಿಕೆ ಗೊಂಚಲುಗಳಿಗೂ, ಕೊಳೆ ರೋಗ ಬಂದು ಕಾಯಿ ಉದುರಿತು. ಸೊಸೈಟಿಯ ಸಾಲ ಹಾಗೇ ನಿಂತಿದೆ. ಶಿವಮೊಗ್ಗದಲ್ಲಿ ನರ್ಸಿಂಗ್ ಓದುವ ಮಗಳ ಶುಲ್ಕ ಕಟ್ಟಿಲ್ಲ. ನಮ್ಮ ಯಜಮಾನರು ರಾತ್ರಿ ನಿದ್ದೆ ಮಾಡುವುದಿಲ್ಲ, ಭಾನುವಾರದ ಆರಾಧನೆಗೂ ಬರುವುದಿಲ್ಲ. ಮನೆಯಲ್ಲಿ ನಡೆದ ಪ್ರಾರ್ಥನಾ ಕೂಟಕ್ಕೆ ಬಂದ ಬೋಧಕರೊಬ್ಬರು, ‘ದೇವರು ನಿಮಗೆ ಏನೋ ಪಾಠ ಕಲಿಸುತ್ತಿದ್ದಾನೆ, ಅದನ್ನು ಕಲಿತ ದಿನ ಬಾಗಿಲು ತೆರೆಯುತ್ತದೆ’ ಎಂದರು. ನೆಂಟರು ‘ಮನೆಯಲ್ಲಿ ಯಾರದೋ ಪಾಪ ಇರಬೇಕು’ ಎನ್ನುತ್ತಾರೆ. ನಾವು ಕಲಿಯದೆ ಉಳಿದ ಪಾಠ ಯಾವುದು? ಕಷ್ಟದಿಂದ ನಂಬಿಕೆ ಗಟ್ಟಿಯಾಗುತ್ತದೆ ಎನ್ನುತ್ತಾರೆ. ನನ್ನದು ಸವೆಯುತ್ತಿದೆ.

ಉತ್ತರ:

ಸಹೋದರಿ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಬೇರೆಲ್ಲಕ್ಕಿಂತ ಮೊದಲು ಒಂದು ಭಾರವನ್ನು ನಿಮ್ಮ ತಲೆಯಿಂದ ಇಳಿಸಬೇಕು. ಪಾಠ ಕಲಿತ ದಿನ ಕಷ್ಟ ನಿಲ್ಲುತ್ತದೆ ಎಂಬ ಮಾತು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಎಲ್ಲಿಯೂ ಇಲ್ಲ. ಹೇಳಿದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೂ ಆ ಮಾತು ತಪ್ಪು, ಮತ್ತು ಅದು ನಿಮ್ಮಂಥವರಿಗೆ ಮಾಡುವ ಗಾಯ ಸಣ್ಣದಲ್ಲ. ಅಪೊಸ್ತಲನಾದ ಪೌಲನು ತನ್ನ ಶರೀರದಲ್ಲಿ ನಾಟಿದ್ದ ಒಂದು ಮುಳ್ಳಿನ ಬಗ್ಗೆ ಬರೆಯುತ್ತಾನೆ. ಅದು ತೊಲಗಲಿ ಎಂದು ಮೂರು ಸಲ ಬೇಡಿಕೊಂಡನು. ಅದು ತನಗೆ ಏಕೆ ಬಂದಿದೆ ಎಂಬುದು ಅವನಿಗೆ ತಿಳಿದಿತ್ತು. ತಾನು ಉಬ್ಬಿಕೊಳ್ಳದಿರಲಿ ಎಂದೇ ಅದು ಬಂತೆಂದು ಅವನೇ ಬರೆದಿದ್ದಾನೆ. ಅಂದರೆ ಪಾಠ ಕಲಿತಾಗಿತ್ತು. ಮುಳ್ಳು ಮಾತ್ರ ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು, ಅಷ್ಟೇ.

ನಮ್ಮ ತಲೆಯಲ್ಲಿ ಒಂದು ಪರೀಕ್ಷಾ ಕೊಠಡಿಯ ಚಿತ್ರ ಕೂತುಬಿಟ್ಟಿದೆ. ದೇವರು ಪ್ರಶ್ನೆಪತ್ರಿಕೆ ಕೊಟ್ಟಿದ್ದಾನೆ, ಸರಿಯುತ್ತರ ಬರೆದವರು ಹೊರಗೆ ಹೋಗಬಹುದು, ಬರೆಯದವರು ಕೂತೇ ಇರಬೇಕು ಎಂಬ ಚಿತ್ರ. ನೀವು ಮೂರು ವರ್ಷಗಳಿಂದ ಆ ಕೊಠಡಿಯಲ್ಲಿ ಕುಳಿತು, ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದೀರಿ. ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದ ಎಂಟನೆಯ ವಚನವನ್ನು ಒಮ್ಮೆ ತೆರೆದು ನೋಡಿ. ಯೇಸು ಮಗನಾಗಿದ್ದರೂ ತಾನು ಅನುಭವಿಸಿದ ಬಾಧೆಗಳಿಂದಲೇ ವಿಧೇಯತೆಯನ್ನು ಕಲಿತನು ಎಂದು ಅಲ್ಲಿದೆ. ಅದೇ ಪತ್ರಿಕೆ ಅವನಲ್ಲಿ ಪಾಪವಿರಲಿಲ್ಲ ಎಂದೂ ಹೇಳುತ್ತದೆ. ಎರಡನ್ನೂ ಜೊತೆಯಲ್ಲಿಟ್ಟು ಓದಿ. ತಪ್ಪೇ ಮಾಡದವನು ಕಷ್ಟದಿಂದ ಕಲಿತನು ಎಂದಮೇಲೆ, ಕಷ್ಟದಲ್ಲಿ ಕಲಿಯುವುದಕ್ಕೂ ತಪ್ಪು ಮಾಡಿರುವುದಕ್ಕೂ ಗಂಟು ಹಾಕುವುದು ಹೇಗೆ? ಅವನು ಕಲಿತದ್ದು ತನಗೆ ಗೊತ್ತಿಲ್ಲದ ಯಾವುದೋ ಸಂಗತಿಯನ್ನಲ್ಲ. ತಂದೆಯ ಮಾತಿನಂತೆ ನಡೆಯುವುದು ರಕ್ತಮಾಂಸದಲ್ಲಿ, ಬೆವರಿನಲ್ಲಿ, ಶಿಲುಬೆಯ ಹಿಂದಿನ ಗೆತ್ಸೇಮನೆಯ ರಾತ್ರಿಯಲ್ಲಿ ಹೇಗಿರುತ್ತದೆ ಎಂಬುದನ್ನು ಮೈಯಾರೆ ಹೊಕ್ಕು ತಿಳಿದನು.

ನೆಂಟರ ಮಾತಿಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ‘ಯಾರ ಪಾಪ, ಇವನದೋ ತಂದೆತಾಯಿಯದೋ’ ಎಂದು ಕೇಳಿದಾಗ ಯೇಸು ಎರಡನ್ನೂ ಅಲ್ಲಗಳೆದನು. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಉಳಿದ ಯೆರೂಸಲೇಮಿನವರಿಗಿಂತ ಹೆಚ್ಚು ಪಾಪಿಗಳೇ ಎಂದು ತಾನೇ ಕೇಳಿ, ಅಲ್ಲವೆಂದನು. ಎಲೆಚುಕ್ಕಿ ಒಂದು ಶಿಲೀಂಧ್ರ ರೋಗ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪ ಎಲ್ಲ ಕಡೆ ಅದು ಎಲ್ಲ ಜಾತಿಯ, ಎಲ್ಲ ಧರ್ಮದವರ ತೋಟಕ್ಕೂ ಹೊಕ್ಕಿದೆ. ಅಷ್ಟೂ ಮನೆಗಳಲ್ಲಿ ಪಾಪ ಹುಡುಕುತ್ತ ಹೊರಡುವವರು ಮೊದಲು ಯೋಬನ ಗ್ರಂಥದ ಕೊನೆಯ ಅಧ್ಯಾಯವನ್ನು ಓದಲಿ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ಹೇಳತೊಡಗಿದಾಗ ಕೆಟ್ಟರು. ಕೊನೆಗೆ ದೇವರು ಸಿಟ್ಟಾದದ್ದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಆ ಸ್ನೇಹಿತರ ಮೇಲೆ.

ಹಾಗಾದರೆ ಕೊಳೆಯನ್ನು ದೇವರೇ ಕಳುಹಿಸಿದನೇ ಎಂದು ನೀವು ಕೇಳಬಹುದು. ಕೊಳೆ ಕೊಳೆಯೇ. ಅದನ್ನು ಆಶೀರ್ವಾದ ಎಂದು ಕರೆಯಬೇಕಾಗಿಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡಿ ಮಳೆ ಹಿಡಿಯುವ ಮುಂಚೆ ಹೊಡೆಸುತ್ತೀರಲ್ಲ, ಕೊನೆಗಳಿಗೆ ಕೊಟ್ಟೆ ಕಟ್ಟಿಸುತ್ತೀರಲ್ಲ, ಆಗ ನೀವು ದೇವರ ಚಿತ್ತದ ವಿರುದ್ಧ ಹೋರಾಡುತ್ತಿಲ್ಲ. ಸತ್ಯವೇದವು ಮರಣವನ್ನೇ ಶತ್ರು ಎಂದು ಕರೆಯುತ್ತದೆ. ಲಾಜರನ ಸಮಾಧಿಯ ಮುಂದೆ, ಇನ್ನೇನು ಅವನನ್ನು ಎಬ್ಬಿಸಲಿದ್ದರೂ ಯೇಸು ಕಣ್ಣೀರು ಹಾಕಿದನು. ಕೆಟ್ಟದ್ದನ್ನು ಕೆಟ್ಟದ್ದು ಎನ್ನುವ ಹಕ್ಕನ್ನು ನಂಬಿಕೆಯು ನಮ್ಮಿಂದ ಕಸಿದುಕೊಳ್ಳುವುದಿಲ್ಲ.

ಅಣ್ಣಂದಿರೇ ಹೊಂಡಕ್ಕೆ ಹಾಕಿ ಐಗುಪ್ತಕ್ಕೆ (ಈಜಿಪ್ಟಿಗೆ) ಮಾರಿಬಿಟ್ಟ ಯೋಸೇಫನ ಕಥೆಯನ್ನು ನಮ್ಮ ಸಭೆಗಳಲ್ಲಿ ಬಹಳ ಅವಸರದಲ್ಲಿ ಹೇಳುತ್ತೇವೆ. ಹೊಂಡ, ಸೆರೆಮನೆ, ಸಿಂಹಾಸನ, ಮುಗಿಯಿತು. ಆದರೆ ಆದಿಕಾಂಡದಲ್ಲಿ ವಯಸ್ಸುಗಳನ್ನು ಲೆಕ್ಕ ಹಾಕಿ ನೋಡಿ. ಕಥೆ ಶುರುವಾಗುವಾಗ ಅವನಿಗೆ 17, ಅಲ್ಲಿನ ರಾಜ ಫರೋಹನ ಮುಂದೆ ನಿಲ್ಲುವಾಗ 30. ನಡುವೆ ಹದಿಮೂರು ವರ್ಷ. ಆ ಹದಿಮೂರು ವರ್ಷದಲ್ಲಿ ದೇವರು ಅವನಿಗೆ ಇದೆಲ್ಲ ಏಕೆ ಎಂದು ಒಂದು ಸಲವೂ ವಿವರಿಸಿದ್ದು ಅಲ್ಲಿ ಬರೆದಿಲ್ಲ. ಅವನನ್ನು ಕೊಂಡ ಪೋಟೀಫರನ ಮನೆಯಲ್ಲಿಯೂ ಸೆರೆಮನೆಯಲ್ಲಿಯೂ ‘ಕರ್ತನು ಯೋಸೇಫನ ಸಂಗಡ ಇದ್ದನು’ ಎಂದು ಮಾತ್ರ ಬರೆದಿದೆ. ನನಗೆ ಬಹಳ ಹಿಡಿಸುವುದು ಅವನು ತನ್ನ ಎರಡನೆಯ ಮಗನಿಗೆ ಇಟ್ಟ ಹೆಸರು. ಆಗ ಅವನು ದೊಡ್ಡ ಅಧಿಕಾರಿ, ಕಣಜಗಳು ತುಂಬಿವೆ. ಆದರೂ ಎಫ್ರಾಯೀಮ್ ಎಂದು ಹೆಸರಿಟ್ಟು, ‘ನನಗೆ ಸಂಕಟ ಬಂದ ದೇಶದಲ್ಲಿಯೇ ದೇವರು ನನ್ನನ್ನು ಫಲವಂತನನ್ನಾಗಿ ಮಾಡಿದನು’ ಎನ್ನುತ್ತಾನೆ. ಅಷ್ಟೆಲ್ಲ ಸಿಕ್ಕ ಮೇಲೂ ಐಗುಪ್ತ ಅವನಿಗೆ ಸಂಕಟದ ದೇಶವೇ. ಆ ಹೆಸರನ್ನು ಅವನು ಬದಲಿಸಲಿಲ್ಲ. ಬಹಳ ಕಾಲದ ಮೇಲೆ ಅಣ್ಣಂದಿರಿಗೆ ‘ನೀವು ನನಗೆ ಕೇಡನ್ನೇ ಎಣಿಸಿದಿರಿ, ದೇವರು ಅದರಿಂದ ಒಳ್ಳೆಯದನ್ನು ಮಾಡಿದನು’ ಎಂದಾಗಲೂ ಕೇಡು ಎಂಬ ಪದ ಅಲ್ಲಿ ಹಾಗೆಯೇ ಉಳಿಯಿತು. ಇನ್ನೊಂದು ಮಾತನ್ನು ಗಮನಿಸಿ. ಅದನ್ನು ಹೇಳಿದವನು ಹೊಂಡಕ್ಕೆ ಬಿದ್ದ ಯೋಸೇಫನೇ. ದಡದಲ್ಲಿ ನಿಂತಿದ್ದವರು ಹೊಂಡದೊಳಗಿದ್ದವನಿಗೆ ಹೇಳಿದ ಮಾತಲ್ಲ ಅದು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಕಷ್ಟದಲ್ಲಿ ನಂಬಿಕೆ ಗಟ್ಟಿಯಾಗುತ್ತದೆ ಎಂಬುದು ನಿಜವೇ? ನಿಜ. ನಾನು ಅದನ್ನು ಪೂರ್ತಿ ನಂಬುತ್ತೇನೆ. ಆದರೆ ಆಗುವ ಬಗೆ ನಾವು ಎಣಿಸಿದಂತಲ್ಲ.

‘ತಾಳಲಾರದಷ್ಟು ಕಷ್ಟವನ್ನು ದೇವರು ಕೊಡುವುದಿಲ್ಲ’ ಎಂದು ನಿಮಗೆ ಎಷ್ಟು ಜನ ಹೇಳಿಲ್ಲ! ಅವರು ನೆನೆಯುವುದು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ ಹತ್ತನೆಯ ಅಧ್ಯಾಯದ ಹದಿಮೂರನೆಯ ವಚನವನ್ನು. ಅದರ ಹಿಂದುಮುಂದಿನ ಮಾತು ವಿಗ್ರಹಾರಾಧನೆಯ, ಪಾಪದ ಸೆಳೆತದ ಬಗ್ಗೆ. ಸಾಲ, ರೋಗ, ಸಾವುಗಳ ಭಾರದ ಬಗ್ಗೆ ಅದೇ ಪೌಲನು ಅದೇ ಸಭೆಯವರಿಗೆ ಎರಡನೆಯ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಬರೆದದ್ದು ಬೇರೆಯೇ ಇದೆ. ಆಸ್ಯ ಸೀಮೆಯಲ್ಲಿ ತಮ್ಮ ಶಕ್ತಿಯನ್ನು ಮೀರಿದ ಭಾರ ಬಿತ್ತು, ಬದುಕುವ ಆಸೆಯೂ ಹೋಗಿತ್ತು ಎಂದು ಅವನು ಬರೆಯುತ್ತಾನೆ. ಶಕ್ತಿಯನ್ನು ಮೀರಿದ ಭಾರ! ಅಪೊಸ್ತಲನಿಗೇ ತಾಳಲಾಗಲಿಲ್ಲ. ಮುಂದಿನ ವಾಕ್ಯದಲ್ಲಿ ಕಾರಣ ಬರುತ್ತದೆ: ನಮ್ಮ ಮೇಲೆ ನಾವು ಭರವಸೆಯಿಡದೆ ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಭರವಸೆಯಿಡುವಂತೆ ಇದಾಯಿತು. ಪೌಲನು ಆಗ ಹೊಸದಾಗಿ ನಂಬಿದವನಲ್ಲ; ಎಷ್ಟೋ ಊರುಗಳಲ್ಲಿ ಸಭೆ ಕಟ್ಟಿದವನು. ದೇವರ ಮೇಲೆ ಭರವಸೆಯಿಡಬೇಕೆಂದು ಸಾವಿರ ಜನಕ್ಕೆ ಬೋಧಿಸಿದವನು, ಇಡುವುದನ್ನು ಅಲ್ಲಿ ಕಲಿತನು.

ನಿಮ್ಮ ಊರಿನಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗಾರರ ಮನೆಯ ಹುಡುಗರು ಮರ ಹತ್ತಲು ಕಲಿಯುವುದನ್ನು ನೀವು ನೋಡಿರುತ್ತೀರಿ. ಅಪ್ಪ ಬುಡದಲ್ಲಿ ನಿಂತು ಎಷ್ಟು ಹೇಳಿದರೂ ಅದು ಕಿವಿಯಿಂದ ಬರುವ ವಿದ್ಯೆಯಲ್ಲ. ಕಾಲಿಗೆ ಹಾಕಿಕೊಂಡ ಹಗ್ಗದ ಮೇಲೆ ಪೂರ್ತಿ ಮೈಭಾರ ಬಿಡುವ ತನಕ ಹಗ್ಗ ತಡೆಯುತ್ತದೆಂದು ಹುಡುಗನಿಗೆ ಗೊತ್ತಾಗುವುದಿಲ್ಲ. ಅರ್ಧ ಭಾರವನ್ನು ತೋಳಿನಲ್ಲಿಯೇ ಹಿಡಿದುಕೊಂಡವನು ನಾಲ್ಕು ಮಾರು ಏರುವುದರೊಳಗೆ ಸೋಲುತ್ತಾನೆ. ಸೋತಾಗ ಬೇರೆ ದಾರಿಯಿಲ್ಲದೆ ಭಾರ ಬಿಡುತ್ತಾನೆ. ಹಗ್ಗ ನಿಲ್ಲುತ್ತದೆ. ಆಮೇಲೆ ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಉಪದ್ರವದಿಂದ ತಾಳ್ಮೆ ಹುಟ್ಟುತ್ತದೆ ಎಂದಿದೆಯಲ್ಲ, ಆ ತಾಳ್ಮೆಗೆ ಗ್ರೀಕ್ ಮೂಲದಲ್ಲಿರುವ ಪದ ‘ಹುಪೊಮೊನೆ’. ಬಿಡಿಸಿದರೆ ಅಡಿಯಲ್ಲಿ ಉಳಿಯುವುದು, ಭಾರದ ಕೆಳಗಿನಿಂದ ಓಡಿಹೋಗದಿರುವುದು ಎಂದರ್ಥ. ನಗುತ್ತ ಹೊರುವುದು ಎಂಬ ಅರ್ಥ ಆ ಪದದಲ್ಲಿಲ್ಲ. ತಾಳ್ಮೆಯಿಂದ ಹುಟ್ಟುತ್ತದೆಂದು ಪೌಲ ಹೇಳುವ ಮುಂದಿನದು ‘ದೊಕಿಮೆ’, ಒರೆಗೆ ಹಚ್ಚಿ ನೋಡಿದ ಲೋಹದ ಗುಣ. ಒರೆ ಹಚ್ಚುವಾಗ ಚಿನ್ನ ಸವೆಯುತ್ತದೆ, ಸಹೋದರಿ. ಸವೆಯುತ್ತಿದೆ ಎಂದು ನೀವು ಬರೆದಿದ್ದೀರಿ. ನಿಮ್ಮಲ್ಲಿ ಸವೆಯುತ್ತಿರುವುದು ನಂಬಿಕೆಯೋ, ಅಥವಾ ಪ್ರಾರ್ಥಿಸಿದವರ ತೋಟಕ್ಕೆ ಕೊಳೆ ಬರುವುದಿಲ್ಲ ಎಂಬ ಒಪ್ಪಂದವೋ? ಅಂಥ ಒಪ್ಪಂದಕ್ಕೆ ದೇವರು ಎಂದೂ ರುಜು ಹಾಕಿರಲಿಲ್ಲ. ನಂಬಿಕೆ ಪೂರ್ತಿ ಸವೆದುಹೋಗಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ ಎಂಬುದು ನನ್ನ ಎಣಿಕೆ.

ಇದನ್ನೆಲ್ಲ ನಾನು ದಡದಲ್ಲಿ ನಿಂತು ಬರೆಯುತ್ತಿಲ್ಲ ಎಂಬುದಕ್ಕಾಗಿ ನನ್ನ ಮನೆಯ ಮಾತನ್ನೂ ಹೇಳಬೇಕು. ನನ್ನ ತಂದೆ ತೀರಿಕೊಂಡದ್ದು ಮಂಗನ ಕಾಯಿಲೆಯಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಆ ರೋಗ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಕಾಡಿನಲ್ಲಿ ಮಂಗ ಸತ್ತಿದೆಯೆಂಬ ಸುದ್ದಿ ಬಂದರೆ ಬೇಸಿಗೆಯಿಡೀ ಸೊಪ್ಪಿಗೆ ಹೋಗಲು ಜನ ಹೆದರುತ್ತಿದ್ದರು. ನಮ್ಮ ತಂದೆ ಹೋಗಲೇಬೇಕಾಗಿತ್ತು, ಕೂಲಿ ಅದೇ. ಉಣುಗು ಕಚ್ಚಿದ್ದು ಅವರಿಗೆ ಗೊತ್ತೂ ಆಗಲಿಲ್ಲ. ಜ್ವರ ಬಂದು ಹನ್ನೆರಡನೆಯ ದಿನಕ್ಕೆ ಹೋದರು. ನನಗೆ ಹತ್ತೊಂಬತ್ತು ವರ್ಷ. ಬಂದವರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು, ದೇವರು ನಿನ್ನನ್ನು ಸೇವೆಗೆ ಸಿದ್ಧಮಾಡುತ್ತಿದ್ದಾನೆ ಎಂದರು. ನನ್ನನ್ನು ಸಿದ್ಧಮಾಡಲು ಅಪ್ಪನನ್ನು ಕೊಲ್ಲುವ ದೇವರು ನನಗೆ ಬೇಡ ಎನಿಸಿತು. ಎರಡು ವರ್ಷ ನಾನು ಪ್ರಾರ್ಥಿಸಲಿಲ್ಲ.

ಆ ಎರಡು ವರ್ಷ ಅಮ್ಮ ನನಗೆ ಒಂದೂ ಬುದ್ಧಿಮಾತು ಹೇಳಲಿಲ್ಲ. ರಾತ್ರಿ ಊಟಕ್ಕೆ ಮುಂಚೆ ಚಿಮಣಿ ದೀಪದ ಹತ್ತಿರ ಕೂತು ಸತ್ಯವೇದದ ಒಂದು ಕೀರ್ತನೆ ಓದುತ್ತಿದ್ದರು. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದುದರಿಂದ ಬಹಳ ಹೊತ್ತು ಹಿಡಿಯುತ್ತಿತ್ತು. 150 ಮುಗಿದ ಮೇಲೆ ಮತ್ತೆ ಒಂದರಿಂದ. ಕೊನೆಯಲ್ಲಿ ‘ಇವತ್ತಿನ ಗಂಜಿಗೆ ಸ್ತೋತ್ರ’ ಎನ್ನುವರು. ಗಂಜಿ ಇಲ್ಲದ ರಾತ್ರಿ ಆ ಮಾತನ್ನು ಬಿಟ್ಟು ಸುಮ್ಮನೆ ದೀಪ ಆರಿಸುವರು. ಇಲ್ಲದ್ದಕ್ಕೆ ಸ್ತೋತ್ರ ಹೇಳಿ ದೇವರನ್ನು ಮೆಚ್ಚಿಸುವ ಹವ್ಯಾಸ ಅವರಿಗಿರಲಿಲ್ಲ. ನಾನು ಮೂಲೆಯಲ್ಲಿ ಮುಖ ತಿರುಗಿಸಿ ಕುಳಿತಿರುತ್ತಿದ್ದೆ, ಕಿವಿ ಮುಚ್ಚಿಕೊಳ್ಳಲು ಆಗುತ್ತಿರಲಿಲ್ಲ. ಮುಂದೆ ದೇವಜ್ಞಾನ ಓದಲು ಹೋದಾಗ ನನಗೆ ಕೀರ್ತನೆಗಳು ಬಾಯಿಪಾಠ ಇದ್ದದ್ದು ಕಂಡು ಉಪಾಧ್ಯಾಯರು ಬೆರಗಾದರು. ತಂದೆಯ ಸಾವು ಒಳ್ಳೆಯದಾಯಿತೆಂದು ಇವತ್ತಿಗೂ ನಾನು ಹೇಳಲಾರೆ. ಆ ಮೂಲೆಯಲ್ಲಿ ನಾನು ಒಬ್ಬನೇ ಇರಲಿಲ್ಲ ಎಂದು ಹೇಳಬಲ್ಲೆ. ಅದು ಗೊತ್ತಾಗಲು ಬಹಳ ವರ್ಷ ಹಿಡಿಯಿತು.

ನಮ್ಮ ಘಟ್ಟದಲ್ಲಿಯೇ ಹುಟ್ಟಿದ ಒಬ್ಬ ಹೆಣ್ಣುಮಗಳ ನೆನಪೂ ಬರುತ್ತದೆ. ಪಂಡಿತಾ ರಮಾಬಾಯಿ 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ, ತುಂಗಭದ್ರೆಯರು ಹುಟ್ಟುವ ಸೀಮೆಯಲ್ಲಿ, ಜನಿಸಿದರು. 1870ರ ದಶಕದ ಕ್ಷಾಮದಲ್ಲಿ ತಂದೆ, ತಾಯಿ, ಅಕ್ಕ ಒಬ್ಬೊಬ್ಬರಾಗಿ ಹೋದರು. ಆಮೇಲೆ ಅಣ್ಣ. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ, 1882ರಲ್ಲಿ, ಗಂಡ ಕಾಲರಾದಿಂದ ತೀರಿಕೊಂಡರು. ಕೈಯಲ್ಲಿ ಎಳೆಯ ಮಗು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅದಾದ ಎಂಟು ವರ್ಷಗಳ ತನಕ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬ ಅರ್ಥದ ಮಾತನ್ನು ಅವರೇ ಬರೆದುಕೊಂಡಿದ್ದಾರೆ. ಅಷ್ಟು ದೊಡ್ಡ ವಿದುಷಿಗೂ ಅಷ್ಟು ಕಾಲ ಬೇಕಾಯಿತು ಎಂಬುದು ನನಗೆ ಸಮಾಧಾನ ಕೊಡುತ್ತದೆ. 1896ರ ಕ್ಷಾಮ ಬಂದಾಗ ಅವರು ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಹತ್ತಿರದ ಕೇಡಗಾಂವಿನಲ್ಲಿ ಸಾಕಿದರು. ಹಸಿದ ಹುಡುಗಿಯ ಕಣ್ಣು ಹೇಗಿರುತ್ತದೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಈ ಮಕ್ಕಳು ಬದುಕಲೆಂದೇ ರಮಾಬಾಯಿಯವರ ತಾಯಿ ಹಸಿದು ಸತ್ತರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆದರೆ ಆ ಹಸಿವನ್ನು ದೇವರು ವ್ಯರ್ಥವಾಗಲು ಬಿಡಲಿಲ್ಲ.

ಈಗ ಏನು ಮಾಡಬೇಕು ಎಂಬುದು. ಪ್ರವಾದಿ ಹಬಕ್ಕೂಕನ ಗ್ರಂಥವನ್ನು ಓದಿ, ಮೂರೇ ಅಧ್ಯಾಯ. ಕೊನೆಯಲ್ಲಿ ಒಬ್ಬ ರೈತ ಬರೆದಂತಿರುವ ಪಟ್ಟಿಯಿದೆ: ಅಂಜೂರ ಚಿಗುರದೆ ಹೋದರೂ, ದ್ರಾಕ್ಷಿ ಫಲಿಸದಿದ್ದರೂ, ಎಣ್ಣೆಮರದ ಫಸಲು ಕೈಕೊಟ್ಟರೂ, ಹೊಲದಲ್ಲಿ ಬೆಳೆಯಿಲ್ಲದಿದ್ದರೂ, ಕೊಟ್ಟಿಗೆ ಖಾಲಿಯಾದರೂ ನಾನು ದೇವರಲ್ಲಿ ಸಂತೋಷಿಸುವೆನು. ಇದನ್ನು ನಿಮಗೆ ಈಗಾಗಲೇ ಯಾರಾದರೂ ಓದಿ ಹೇಳಿರಬಹುದು. ಅವರು ಮೊದಲ ಅಧ್ಯಾಯವನ್ನು ಓದಿರಲಾರರು. ಆ ಗ್ರಂಥ ಶುರುವಾಗುವುದೇ ‘ಎಷ್ಟು ಕಾಲ ಕೂಗಲಿ, ನೀನು ಕೇಳುವುದೇ ಇಲ್ಲವಲ್ಲ’ ಎಂಬ ದೂರಿನಿಂದ. ಮೂರನೆಯ ಅಧ್ಯಾಯದ ಹಾಡಿಗೆ ದಾರಿ ಮೊದಲ ಅಧ್ಯಾಯದ ಜಗಳದ ಮೂಲಕವೇ ಹೋಗುತ್ತದೆ. ನೀವು ಇನ್ನೂ ಮೊದಲ ಅಧ್ಯಾಯದಲ್ಲಿದ್ದರೆ ಅಲ್ಲಿಯೇ ಇರಿ. ದೇವರಿಗೆ ದೂರು ಹೇಳಿ, ಅಳುತ್ತ ಹೇಳಿ. 13ನೆಯ ಕೀರ್ತನೆಯ ಮೊದಲ ಎರಡು ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಕೂಗು ನಾಲ್ಕು ಸಲ ಬರುತ್ತದೆ. 88ನೆಯ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಗೂ ಬೆಳಕು ಬರುವುದಿಲ್ಲ. ಅದನ್ನೂ ದೇವರ ವಾಕ್ಯವೆಂದೇ ಸಭೆ ಕಾಪಾಡಿಕೊಂಡು ಬಂದಿದೆ. ಮುಖ ತಿರುಗಿಸಿ ಮೌನವಾಗುವುದಕ್ಕಿಂತ ಎದುರು ನಿಂತು ಜಗಳವಾಡುವುದು ನಂಬಿಕೆಗೆ ಹತ್ತಿರ.

ನಿಮ್ಮ ಯಜಮಾನರ ವಿಷಯ ನನಗೆ ಹೆಚ್ಚು ಕಳವಳ ಕೊಟ್ಟಿದೆ. ಪ್ರವಾದಿ ಎಲೀಯನು ಅಡವಿಯಲ್ಲಿ ಜಾಲಿಗಿಡದ ಕೆಳಗೆ ಕುಳಿತು ‘ನನ್ನ ಪ್ರಾಣವನ್ನು ತೆಗೆದುಬಿಡು’ ಎಂದಾಗ ದೇವರು ಅವನಿಗೆ ಉಪದೇಶ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟನು. ದೂತನು ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು. ಮತ್ತೆ ಮಲಗಿದನು, ಮತ್ತೆ ಊಟ. ಬೆಟ್ಟ, ಗಾಳಿ, ಮೆಲ್ಲನೆಯ ಸ್ವರ ಎಲ್ಲ ಆಮೇಲೆ. ವಾರಗಟ್ಟಲೆ ನಿದ್ದೆಯಿಲ್ಲದ, ಮಾತು ಬಿಟ್ಟ ಗಂಡಸಿಗೆ ಬೇಕಾದದ್ದು ಮೊದಲು ವೈದ್ಯರು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಯಜಮಾನರು ಒಪ್ಪದಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ನೀವೇ ಕರೆ ಮಾಡಿ ಹೇಗೆ ಮುಂದುವರಿಯಬೇಕೆಂದು ಕೇಳಿ, ಕನ್ನಡದಲ್ಲಿ ಮಾತನಾಡುತ್ತಾರೆ. ಬದುಕು ಸಾಕು ಎಂಬ ಮಾತು ಅವರ ಬಾಯಿಂದ ಬಂದರೆ ಒಂದು ದಿನವೂ ಕಾಯಬೇಡಿ, ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬಗಳನ್ನು ತೋಟದ ಮನೆಯಿಂದ ತೆಗೆದು ಬೇರೆಡೆ ಬೀಗ ಹಾಕಿಡಿ. ಇದು ನಂಬಿಕೆಯ ಕೊರತೆಯಲ್ಲ. ರೊಟ್ಟಿ ತಂದ ದೂತನನ್ನು ಎಲೀಯನು ಹಿಂದಕ್ಕೆ ಕಳುಹಿಸಲಿಲ್ಲ.

ಸಾಲದ ವಿಷಯ ಮುಚ್ಚಿಡಬೇಡಿ. ಸೊಸೈಟಿಯ ಕಾರ್ಯದರ್ಶಿಯನ್ನು ಕಂತು ತಪ್ಪಿ ನೋಟಿಸು ಬರುವ ಮುಂಚೆಯೇ ಕಾಣಿ. ಬೆಳೆ ವಿಮೆ ಕಟ್ಟಿದ್ದರೆ ಅದರ ಸ್ಥಿತಿ ಕೇಳಿ. ಮಗಳ ಕಾಲೇಜಿಗೆ ಪತ್ರ ಬರೆದು ಕಂತಿನಲ್ಲಿ ಕಟ್ಟಲು ಅವಕಾಶ ಬೇಡಿ. ನಿಮ್ಮ ಸಭೆಯ ಹಿರಿಯರಲ್ಲಿ ನಂಬಿಕೆಯಿರುವ ಒಬ್ಬರಿಗೆ ಅಂಕಿಸಂಖ್ಯೆ ಸಮೇತ ಹೇಳಿ. ಒಬ್ಬರ ಭಾರವನ್ನೊಬ್ಬರು ಹೊತ್ತುಕೊಳ್ಳಿ ಎಂದು ಬರೆದಿರುವುದು ಗೋಡೆಗೆ ತೂಗುಹಾಕಲಿಕ್ಕಲ್ಲ. ಹೇಳದೆ ಇದ್ದರೆ ಹೊರುವ ಅವಕಾಶ ಅವರಿಗೆ ಸಿಗುವುದಿಲ್ಲ.

ಯಜಮಾನರನ್ನು ಆರಾಧನೆಗೆ ಬನ್ನಿ ಎಂದು ಸದ್ಯಕ್ಕೆ ಒತ್ತಾಯಿಸಬೇಡಿ. ನೀವು ಭಾನುವಾರ ಹೋಗಿ, ಅವರ ಹೆಸರನ್ನೂ ಹೊತ್ತುಕೊಂಡು ಹೋಗಿ. ರಾತ್ರಿ ಊಟಕ್ಕೆ ಮುಂಚೆ, ಅವರು ಅದೇ ಕೋಣೆಯಲ್ಲಿರುವಾಗ, ಒಂದು ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಅರ್ಥ ಹೇಳಬೇಡಿ, ಅವರ ಮುಖ ನೋಡಬೇಡಿ. ಅವರು ಎದ್ದು ಜಗಲಿಗೆ ಹೋದರೆ ಬೇಸರಪಡಬೇಡಿ, ಜಗಲಿಗೂ ಕೇಳಿಸುವಷ್ಟು ದನಿಯಲ್ಲಿ ಓದಿ. ಇವತ್ತು 13ರಿಂದ ಶುರುಮಾಡಿ.